ರಂಗ ಖಾಲಿಯಿದ್ದಾಗ

ತಮಿಳುನಾಡಿನ ತೇನಿ, ಬೋಡಿ, ಕಂಬಂ ಕಡೆ ಕಿವಿಗೊಟ್ಟರೆ ಕನ್ನಡ ಕೇಳಿಸುವುದುಂಟು. ತುಂಗಭದ್ರೆಯ ದಡದಿಂದ ಬಂದವರೆಂದು ಹೇಳಿಕೊಳ್ಳುವ ಕಪ್ಪಿಲಿಯರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಂದವರು. ಆ ಹೊಸಿಲನ್ನು ಒಂದು ‘ಅ’ಕಾರ ಹಚ್ಚಿಕೊಂಡೋ ಬಿಟ್ಟೋ ದಾಟುವ ಮಾತೊಂದಿದೆ: ಒಳಗೆ ರಂಗ, ಹೊರಗೆ ಅರಂಗಂ.

ತಮಿಳಿನಲ್ಲಿ ಇದಕ್ಕೆ ಕೈತುಂಬ ಕೆಲಸ. ಸಿನಿಮಾ ಟಾಕೀಸು ‘ತಿರೈಯರಂಗು’, ವಿಚಾರಗೋಷ್ಠಿ ‘ಕರುತ್ತರಂಗು’. ಹುಡುಗಿ ಗೆಜ್ಜೆ ಕಟ್ಟಿ ಮೊದಲ ಸಲ ಸಭೆಯೆದುರು ನಿಂತರೆ ‘ಅರಂಗೇಟ್ರಂ’, ನಮ್ಮ ‘ರಂಗಪ್ರವೇಶ’. ಕಾವ್ಯಕ್ಕೂ ಅರಂಗೇಟ್ರಂ ಉಂಟು. ಕಂಬನ ರಾಮಾಯಣಕ್ಕೆ ಅದು ಶ್ರೀರಂಗದಲ್ಲಿ ಆಯಿತೆಂಬುದು ಪ್ರತೀತಿ.

ಆ ಊರಿನ ಹೆಸರಲ್ಲೇ ಇನ್ನೊಂದು ಅರ್ಥ ಕೂತಿದೆ. ತಮಿಳು ನಿಘಂಟಿನಲ್ಲಿ ಅರಂಗವೆಂದರೆ ನಡುಗಡ್ಡೆಯೂ ಹೌದು. ಕಾವೇರಿಯ ಆದಿರಂಗ ಶ್ರೀರಂಗಪಟ್ಟಣ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ಶ್ರೀರಂಗ: ಮೂರಕ್ಕೂ ಸುತ್ತ ನೀರು. ಎರಡು ಅರ್ಥಗಳ ಬೇರು ಒಂದೇ ಹೌದೋ ಅಲ್ಲವೋ, ಪಂಡಿತರು ಜಗಳವಾಡಿಕೊಳ್ಳಲಿ. (‘ಅಂತರಂಗ’ದಲ್ಲಿ ರಂಗ ಹುಡುಕುವವರಿಗೆ ಒಂದು ಎಚ್ಚರಿಕೆ: ಸಂಧಿ ಬಿಡಿಸಿದರೆ ಅಲ್ಲಿ ಸಿಗುವುದು ‘ಅಂಗ’ ಮಾತ್ರ.)

ರಂಗದ ಅಳತೆಯನ್ನೇ ಬರೆದಿಟ್ಟ ತಮಿಳು ಕಾವ್ಯ ಶಿಲಪ್ಪದಿಕಾರಂ. 24 ಅಂಗುಲದ ಬಿದಿರಿನ ಕೋಲು. ಅಂಥ 7 ಕೋಲು ಅಗಲ, 8 ಕೋಲು ಉದ್ದ, 1 ಕೋಲು ಎತ್ತರ. ಕೋಲಿಗೆ ಒಂದು ಮೊಳವೆಂದು ಹಿಡಿದರೆ ಸುಮಾರು ಹತ್ತಡಿಗೆ ಹನ್ನೆರಡಡಿ, ನಮ್ಮ ಸಾಧಾರಣ ಮನೆಯ ನಡುಮನೆಯಷ್ಟು. ಐದನೇ ವಯಸ್ಸಿಗೆ ಕುಣಿತ ಕಲಿಯತೊಡಗಿದ ಕಥೆಯ ನರ್ತಕಿ ಮಾಧವಿ ಹನ್ನೆರಡಕ್ಕೆ ಅದನ್ನೇರುತ್ತಾಳೆ. ಅದೇ ಕಥೆಯ ನಾಯಕಿ ಕಣ್ಣಗಿ ಮಧುರೆಯನ್ನು ಸುಟ್ಟು ಪಡುವಣಕ್ಕೆ ನಡೆದು ಬೆಟ್ಟವೇರಿದಳಲ್ಲ, ಅದು ಇದೇ ಕಂಬಂ ಕಣಿವೆಯ ಬೆಟ್ಟವೆಂಬುದು ಇಲ್ಲಿಯವರ ನಂಬಿಕೆ. ಗೂಡಲೂರಿನ ಮೇಲಿರುವ ಮಂಗಳಾದೇವಿ ಗುಡಿಗೆ ಚಿತ್ರಾ ಪೌರ್ಣಮಿಯಂದು ಜನ ಹತ್ತುತ್ತಾರೆ, ವರ್ಷಕ್ಕೆ ಆ ಒಂದು ದಿನ. ಕಾವ್ಯದಲ್ಲಿ ಕನ್ನಡಿಗರೂ ಇದ್ದಾರೆ: ನೀಲಗಿರಿಯಲ್ಲಿ ಬಿಡಾರ ಹೂಡಿದ ಚೇರ ದೊರೆ ಸೆಂಗುಟ್ಟುವನ್ ಎದುರು ಕೊಂಕಣದವರ ಜೊತೆ ಕುಣಿದವರು ಕರುನಾಡರು. ಪರಸ್ಥಳದ ಕುಣಿತ ನಮಗೆ ಹೊಸದೇನಲ್ಲ.

ಬೆಂಗಳೂರಿನ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಕುಣಿದರು. ಈಗ ಅಮೆರಿಕದ ಕನ್ನಡ ಮನೆಗಳ ಮಕ್ಕಳ ಸರದಿ. ಇವರಲ್ಲಿ ಎಷ್ಟೋ ಮಂದಿ ಕಲಿಯುವುದು ಗುರುಗಳ ಮನೆಯ ಬೇಸ್‌ಮೆಂಟಿನಲ್ಲಿ, ಹೆಚ್ಚುಕಡಿಮೆ ಮಾಧವಿಯ ಅಳತೆಯಲ್ಲೇ. ರಂಗಪ್ರವೇಶಕ್ಕೆ ಬಾಡಿಗೆ ಹಿಡಿದ ಆಡಿಟೋರಿಯಂ ಅದರ ಮೂರು ನಾಲ್ಕು ಪಟ್ಟು ಅಗಲ. ಬೇಸ್‌ಮೆಂಟಿನಲ್ಲಿ ನಾಲ್ಕು ಹೆಜ್ಜೆಗೆ ಗೋಡೆ ಮುಟ್ಟುತ್ತಿದ್ದ ಅಡವು ಇಲ್ಲಿ ವೇದಿಕೆಯ ನಡುವೆಯೇ ನಿಂತುಬಿಡುತ್ತದೆ. ಆ ಅಗಲವನ್ನು ಕಾಲಿಗೆ ಕಲಿಸಬೇಕಾದರೆ ಖಾಲಿ ರಂಗವೇ ಬೇಕು.

ಖಾಲಿ ಹಾಲಿನ ಸದ್ದೂ ಬೇರೆ. ತುಂಬಿದ ಸಭೆಯಲ್ಲಿ ಜನರ ಮೈ, ರೇಷ್ಮೆಸೀರೆ, ಕೋಟುಗಳು ಸದ್ದನ್ನು ಹೀರಿಕೊಳ್ಳುತ್ತವೆ. ಯಾರೂ ಇಲ್ಲದಾಗ ತಟ್ಟಿದ ಅಂಗಾಲು ಹಿಂದಿನ ಗೋಡೆಯವರೆಗೆ ಹೋಗಿ ಮರಳಿ ಬರುತ್ತದೆ. ಎಡಗಾಲಿನ ಗೆಜ್ಜೆ ಬಲಗಾಲಿಗಿಂತ ಒಂದೆಳೆ ತಡವಾದರೂ ಕಿವಿಗೆ ಬೀಳುತ್ತದೆ. ಎಲ್ಲರೂ ಹೋದ ಮೇಲೂ ವೇದಿಕೆಯ ಮೇಲೆ ಒಂದು ಬಲ್ಬು ಉರಿಯಲು ಬಿಡುವುದು ಅಮೆರಿಕದ ಥಿಯೇಟರುಗಳ ರೂಢಿ, ‘ಘೋಸ್ಟ್ ಲೈಟ್’ ಅಂತ ಹೆಸರು. ಅಷ್ಟು ಬೆಳಕು ಸಾಕು. ಕನ್ನಡಿಯಿಲ್ಲ, ಗುರುಗಳ ಕೋಲಿಲ್ಲ, ಅಮ್ಮನ ಫೋನಿಲ್ಲ. ಅದು ನಡುಗಡ್ಡೆಯೇ.

ಇಂಥ ಏಕಾಂತಕ್ಕೆ ನಮ್ಮ ರಂಗಪ್ರವೇಶಗಳ ಖರ್ಚಿನ ಪಟ್ಟಿಯಲ್ಲಿ ಜಾಗವಿಲ್ಲ. ಹೂವಿಗಿದೆ, ವಿಡಿಯೋಗಿದೆ, ಊಟಕ್ಕಂತೂ ಧಾರಾಳವಾಗಿದೆ. ಹಾಲಿನ ಬಾಡಿಗೆ ಹೇಗೂ ಗಂಟೆ ಲೆಕ್ಕದಲ್ಲಿ. ಹಿಂದಿನ ದಿನಕ್ಕೆ ಇನ್ನೊಂದು ಗಂಟೆ ಸೇರಿಸಿ, ಮಗುವನ್ನು ಒಳಗೆ ಬಿಟ್ಟು ನೀವು ಹೊರಗೆ ಕಾಫಿ ಕುಡಿಯುತ್ತಿರಿ.