ಅಮೋನಿಯಾ ಮತ್ತು ಹೈಡ್ರಜೀನ್: ಅರ್ಜಿದಾರರ ತಿಳುವಳಿಕೆಗಾಗಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳಲ್ಲಿ ಶೈತ್ಯಾಗಾರ, ಮಂಜುಗಡ್ಡೆ ಘಟಕ ಅಥವಾ ಬಾಯ್ಲರ್ ಉಳ್ಳ ಕಾರ್ಖಾನೆಯನ್ನು ಸ್ಥಾಪಿಸಲು ಅರ್ಜಿ ಸಲ್ಲಿಸುವವರು ಈ ಕೆಳಕಂಡ ರಾಸಾಯನಿಕಗಳ ಗುಣಗಳನ್ನು ಅರಿತಿರುವುದು ಅವಶ್ಯಕ. ಇವು ಸಾರಜನಕ ಮತ್ತು ಜಲಜನಕಗಳಿಂದ ಮಾತ್ರ ಆದ ಸಂಯುಕ್ತಗಳಾಗಿವೆ.

1. ಅಮೋನಿಯಾ

ಒಂದು ಸಾರಜನಕ ಪರಮಾಣು ಮೂರು ಜಲಜನಕ ಪರಮಾಣುಗಳೊಡನೆ ಕೂಡಿ ಉಂಟಾಗುವ ಬಣ್ಣರಹಿತ ಅನಿಲ. ದನದ ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಘಾಟು ಇದರದೇ. ಶೇ. 46ರಷ್ಟು ಸಾರಜನಕವುಳ್ಳ ಯೂರಿಯಾ ಗೊಬ್ಬರವನ್ನೂ ಅಮೋನಿಯಾದಿಂದಲೇ ತಯಾರಿಸಲಾಗುತ್ತದೆ. ಮಂಗಳೂರಿನ ಪಣಂಬೂರಿನಲ್ಲಿ ಇಂತಹ ಕಾರ್ಖಾನೆಯಿದೆ.

ದ್ರವ ಅಮೋನಿಯಾ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ಶೈತ್ಯಾಗಾರಗಳಲ್ಲಿ ಇದನ್ನು ಬಳಸಲಾಗುತ್ತದೆ.

ಅಮೋನಿಯಾ ನೀರಿನಲ್ಲಿ ಅತಿ ಸುಲಭವಾಗಿ ಕರಗಿ ಕ್ಷಾರವಾಗುತ್ತದೆ. ಕಣ್ಣು, ಗಂಟಲು ಮತ್ತು ಶ್ವಾಸಕೋಶಗಳ ತೇವದಲ್ಲಿ ಕರಗಿದಾಗ ಅಲ್ಲಿನ ಅಂಗಾಂಶವನ್ನು ಸುಡುತ್ತದೆ. ಇದೇ ಗುಣದಿಂದಾಗಿ, ಮೈಗೆ ತಗುಲಿದ ಅಮೋನಿಯಾವನ್ನು ನೀರು ತೊಳೆದು ಹಾಕುತ್ತದೆ.

2. ಹೈಡ್ರಜೀನ್

ಎರಡು ಸಾರಜನಕ ಹಾಗೂ ನಾಲ್ಕು ಜಲಜನಕ ಪರಮಾಣುಗಳುಳ್ಳ ದ್ರವ. ಬಾಯ್ಲರ್ ನೀರಿನಲ್ಲಿ ಕರಗಿರುವ ಆಮ್ಲಜನಕವು ಕೊಳವೆಗಳಿಗೆ ತುಕ್ಕು ಹಿಡಿಸುತ್ತದೆ. ಹೈಡ್ರಜೀನ್ ಅದರೊಡನೆ ವರ್ತಿಸಿ ಸಾರಜನಕ ಮತ್ತು ನೀರನ್ನಷ್ಟೇ ಉಳಿಸುತ್ತದೆ. ಆದರೆ ಇದು ವಿಷಕಾರಿ. ಕ್ಯಾನ್ಸರ್‌ಕಾರಕವೆಂಬ ಶಂಕೆಯೂ ಇದೆ. ಬರಿಗೈಯಲ್ಲಿ ಮುಟ್ಟಬಾರದು. ಆಹಾರಕ್ಕೆ ನೇರವಾಗಿ ತಗುಲುವ ಉಗಿಯ ಬಾಯ್ಲರ್‌ಗಳಲ್ಲಿ ಬಳಸಬಾರದು.

3. ಹೈಡ್ರಜೋಯಿಕ್ ಆಮ್ಲ

ಮೂರು ಸಾರಜನಕ ಮತ್ತು ಒಂದು ಜಲಜನಕ ಪರಮಾಣುವುಳ್ಳ ಇದು ಸ್ಫೋಟಕ ಗುಣದ್ದು. ಮೇಲ್ಕಂಡ ಘಟಕಗಳಲ್ಲಿ ಇದರ ಬಳಕೆ ಇರುವುದಿಲ್ಲ.

ಅಮೋನಿಯಾ ಸೋರಿಕೆಯಾದಲ್ಲಿ ಅನುಸರಿಸಬೇಕಾದ ಕ್ರಮಗಳು

ಅ) ಅಮೋನಿಯಾ ಗಾಳಿಗಿಂತ ಹಗುರವಾದರೂ, ಸೋರಿದ ದ್ರವದಿಂದ ಏಳುವ ತಣ್ಣನೆಯ ಬಿಳಿ ಮಂಜು ನೆಲಕ್ಕಂಟಿ ಹರಡುತ್ತದೆ. ತಗ್ಗಿನಲ್ಲಿ ನಿಲ್ಲದೆ, ಗಾಳಿ ಬೀಸಿ ಬರುವ ಕಡೆಗೆ, ಮಂಜನ್ನು ಹಾಯದೆ ಅಡ್ಡಲಾಗಿ ದೂರ ಸರಿಯಬೇಕು.

ಆ) ಕಣ್ಣು ಮತ್ತು ಚರ್ಮವನ್ನು ಕನಿಷ್ಠ 15 ನಿಮಿಷ ನೀರಿನಿಂದ ತೊಳೆದು, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇ) ನೆಲದಲ್ಲಿ ನಿಂತ ದ್ರವ ಅಮೋನಿಯಾದ ಮೇಲೆ ನೀರು ಸುರಿಯಬಾರದು, ಅದು ಮತ್ತಷ್ಟು ಕುದಿದು ಅನಿಲ ಹೆಚ್ಚುತ್ತದೆ.

ಈ) ಮೂಗು ವಾಸನೆಗೆ ಒಗ್ಗಿಕೊಳ್ಳುವುದರಿಂದ ವಾಸನೆಯನ್ನೇ ನಂಬಬಾರದು. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 300 ಭಾಗ ತಲುಪಿದರೆ ಜೀವಕ್ಕೆ ಅಪಾಯ. ಸೋರಿಕೆ ಸೂಚಕ ಯಂತ್ರವನ್ನು ಅಳವಡಿಸಿಕೊಳ್ಳತಕ್ಕದ್ದು.

ಉ) ತುರ್ತು ಕರೆ: 112.

ಈ ಸೂಚನೆಗಳನ್ನು ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ, ಯಂತ್ರಕೋಣೆಯ ಬಾಗಿಲಿನ ಹೊರಗೆ ಪ್ರದರ್ಶಿಸಲು ಅರ್ಜಿದಾರರನ್ನು ಕೋರಲಾಗಿದೆ.