ಕಡತಗಳ ಸಾಮೂಹಿಕ ಮರುನಾಮಕರಣ: ಮಾದರಿಯಿಂದ ಜೋಡಿಪಟ್ಟಿಯವರೆಗೆ

ಕಂಪ್ಯೂಟರಿನಲ್ಲಿ ಒಂದು ಕಡತದ ಹೆಸರು ಬದಲಿಸುವುದು ಕ್ಷಣದ ಕೆಲಸ. ಆದರೆ ಒಂದು ಫೋಲ್ಡರಿನಲ್ಲಿರುವ ಸಾವಿರಾರು ಕಡತಗಳ ಹೆಸರನ್ನು ಒಟ್ಟಿಗೇ ಬದಲಿಸಬೇಕಾದಾಗ, ಯಾವ ಹಳೆಯ ಹೆಸರಿಗೆ ಯಾವ ಹೊಸ ಹೆಸರು ಎಂಬುದನ್ನು ಯಂತ್ರಕ್ಕೆ ತಿಳಿಸುವುದು ಹೇಗೆ, ನಡುವೆ ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದಕ್ಕೆ ಉತ್ತರ ಬೇಗನೆ ದೊರೆಯಿತು. ಎರಡನೆಯದಕ್ಕೆ ಉತ್ತರ ಅರಸುತ್ತ ಹೋದಂತೆ, ಆದೇಶ ಕೊಟ್ಟ ಕೂಡಲೇ ನಡೆದುಹೋಗುತ್ತಿದ್ದ ಈ ಕೆಲಸ, ಮೊದಲು ಬರೆದಿಟ್ಟು, ಪರಿಶೀಲಿಸಿ, ಆಮೇಲೆ ನಡೆಸುವ ಕೆಲಸವಾಗಿ ಬದಲಾಯಿತು.

ಈ ಬೆಳವಣಿಗೆಯ ತಳಹದಿ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಕಾರ್ಯವ್ಯವಸ್ಥೆಯಲ್ಲಿದೆ. ಅಲ್ಲಿ ಕಡತದ ಹೆಸರು ಕಡತದೊಳಗೆ ಇರುವುದಿಲ್ಲ. ಡೈರೆಕ್ಟರಿ, ಅಂದರೆ ಫೋಲ್ಡರ್, ಎಂಬುದು ಹೆಸರುಗಳನ್ನೂ ಅವು ಸೂಚಿಸುವ ಕಡತಗಳ ಕ್ರಮಸಂಖ್ಯೆಗಳನ್ನೂ ಜೋಡಿಯಾಗಿ ಬರೆದಿಟ್ಟ ಒಂದು ಪಟ್ಟಿ. ಆರಂಭದ ಯುನಿಕ್ಸಿನಲ್ಲಿ ಈ ಪಟ್ಟಿಯ ಪ್ರತಿ ನಮೂದಿಗೆ 16 ಬೈಟ್ ಜಾಗವಿದ್ದು, ಅದರಲ್ಲಿ 2 ಬೈಟ್ ಸಂಖ್ಯೆಗೂ 14 ಬೈಟ್ ಹೆಸರಿಗೂ ಮೀಸಲಾಗಿದ್ದವು. ಹೆಸರು ಬದಲಿಸುವಾಗ ತಿದ್ದುಪಡಿ ಈ ನಮೂದಿಗೆ ಮಾತ್ರ ಆಗುವುದರಿಂದ ಕಡತ ಎಷ್ಟು ದೊಡ್ಡದಾದರೂ ಕೆಲಸ ತಡವಾಗುವುದಿಲ್ಲ. ಅಪಾಯದ ಮೂಲವೂ ಇಲ್ಲೇ ಇದೆ: ಹೊಸ ಹೆಸರು ಆಗಲೇ ಇನ್ನೊಂದು ಕಡತಕ್ಕೆ ಇದ್ದರೆ, ಆ ಕಡತ ತನ್ನ ಹೆಸರನ್ನು ಕಳೆದುಕೊಳ್ಳುತ್ತದೆ, ಬೇರೆ ಹೆಸರು ಇಲ್ಲದಿದ್ದರೆ ಅದರ ಒಳಗಿನ ಮಾಹಿತಿಯೂ ಅಳಿದುಹೋಗುತ್ತದೆ. ಮೊದಲು ಹೊಸ ಹೆಸರನ್ನು ಸೇರಿಸಿ ಆಮೇಲೆ ಹಳೆಯದನ್ನು ಕಿತ್ತುಹಾಕುವ ಎರಡು ಹಂತಗಳ ಪದ್ಧತಿಯ ಬದಲಿಗೆ, ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮುಗಿಸುವ 'ರಿನೇಮ್' ವ್ಯವಸ್ಥಾಕರೆ, ಅಂದರೆ ತಂತ್ರಾಂಶಗಳು ಕಾರ್ಯವ್ಯವಸ್ಥೆಗೆ ಸಲ್ಲಿಸುವ ಕೋರಿಕೆ, 1983ರಲ್ಲಿ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಬಂದಿತು. ಹೆಸರಿನ ಮಿತಿಯೂ ಅದರಲ್ಲೇ 255 ಬೈಟ್‌ಗೆ ಏರಿತು.

ಸಾಮೂಹಿಕ ಬದಲಾವಣೆಯ ಮೊದಲ ಸಾಧನ ಮಾದರಿ, ಅಂದರೆ ನಕ್ಷತ್ರ ಚಿಹ್ನೆಯಂಥ ಗುರುತುಗಳಿಂದ ಹಲವು ಹೆಸರುಗಳನ್ನು ಒಟ್ಟಾಗಿ ಸೂಚಿಸುವ ಬರಹ. 1981ರಲ್ಲಿ ಬಂದ ಎಂಎಸ್-ಡಾಸ್‌ನಲ್ಲಿ ಹೆಸರಿಗೆ ಎಂಟು ಅಕ್ಷರ, ವಿಸ್ತರಣೆಗೆ ಮೂರು ಅಕ್ಷರ ಎಂಬ ಕಟ್ಟುಪಾಡಿತ್ತು. ಅಲ್ಲಿನ 'ರೆನ್' ಆದೇಶ ನಕ್ಷತ್ರವನ್ನು ತಾನೇ ಬಿಡಿಸಿಕೊಳ್ಳುತ್ತಿದ್ದುದರಿಂದ ಒಂದೇ ಸಾಲಿನಲ್ಲಿ ಎಲ್ಲ ಕಡತಗಳ ವಿಸ್ತರಣೆಯನ್ನು ಬದಲಿಸಬಹುದಾಗಿತ್ತು. ಯುನಿಕ್ಸಿನಲ್ಲಿ ನಕ್ಷತ್ರವನ್ನು ಬಿಡಿಸುವುದು ಶೆಲ್, ಅಂದರೆ ಬಳಕೆದಾರರ ಆದೇಶಗಳನ್ನು ಓದುವ ತಂತ್ರಾಂಶ. ಹೆಸರು ಬದಲಿಸುವ 'ಎಂವಿ' ಆದೇಶಕ್ಕೆ ಮಾದರಿ ಕಾಣಿಸುವುದೇ ಇಲ್ಲ, ಬಿಡಿಸಿದ ಹೆಸರುಗಳ ಸಾಲಷ್ಟೇ ತಲುಪುತ್ತದೆ. ಈ ಕೊರತೆಯಿಂದಾಗಿ ಯುನಿಕ್ಸ್ ಬಳಕೆದಾರರು ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಸರಣಿಯಾಗಿ ಬರೆದಿಟ್ಟ ಸಣ್ಣ ಕಾರ್ಯಕ್ರಮ, ಬರೆಯುವುದನ್ನು ರೂಢಿಸಿಕೊಂಡರು. 1977ರಲ್ಲಿ ಅಹೋ, ವೈನ್‌ಬರ್ಗರ್ ಮತ್ತು ಕರ್ನಿಘನ್ ರೂಪಿಸಿದ ಆಕ್ ಭಾಷೆಯಿಂದ ಬೇಕಾದ ಆದೇಶಗಳನ್ನೆಲ್ಲ ಮೊದಲು ಪರದೆಯ ಮೇಲೆ ಅಚ್ಚು ಹಾಕಿಸಿ, ಕಣ್ಣಾಡಿಸಿ, ಸರಿಯೆನಿಸಿದ ಮೇಲೆ ಶೆಲ್‌ಗೆ ಒಪ್ಪಿಸುವ ಅಭ್ಯಾಸ ಬೆಳೆಯಿತು. ಪರ್ಲ್ ಭಾಷೆಯನ್ನು 1987ರಲ್ಲಿ ಹೊರತಂದ ಲ್ಯಾರಿ ವಾಲ್ ಬರೆದ 'ರಿನೇಮ್' ಸ್ಕ್ರಿಪ್ಟ್ ಇನ್ನಷ್ಟು ಸಂಕೀರ್ಣ ಮಾದರಿಗಳಿಗೆ ದಾರಿ ಮಾಡಿತು. ವ್ಲಾದಿಮಿರ್ ಲಾನಿನ್ 1990ರಲ್ಲಿ ಬರೆದ 'ಎಂಎಂವಿ' ಇನ್ನೊಂದು ಹೆಜ್ಜೆ ಮುಂದಿಟ್ಟು, ಒಂದು ಕಡತವನ್ನೂ ಮುಟ್ಟುವ ಮೊದಲೇ ಎಲ್ಲ ಬದಲಾವಣೆಗಳನ್ನು ಲೆಕ್ಕಹಾಕಿ, ಎರಡು ಕಡತಗಳಿಗೆ ಒಂದೇ ಹೆಸರು ಬೀಳುವ ಘರ್ಷಣೆಗಳನ್ನು ಪತ್ತೆಹಚ್ಚುತ್ತಿತ್ತು.

ಮಾದರಿಗೆ ಒಂದು ಮೂಲಭೂತ ಮಿತಿಯಿದೆ: ಹೊಸ ಹೆಸರನ್ನು ಹಳೆಯ ಹೆಸರಿನಿಂದಲೇ ಕಟ್ಟಬೇಕು. ಡಿಜಿಟಲ್ ಕ್ಯಾಮೆರಾಗಳ ಬಳಕೆ ಹೆಚ್ಚಿದಂತೆ ಈ ಮಿತಿ ಎದ್ದು ಕಂಡಿತು. ಜಪಾನಿನಲ್ಲಿ 1998ರಲ್ಲಿ ರೂಪುಗೊಂಡ ಡಿಸಿಎಫ್ ಮಾನಕದ ಪ್ರಕಾರ ಚಿತ್ರದ ಹೆಸರಿನಲ್ಲಿ ನಾಲ್ಕು ಅಕ್ಷರಗಳೂ 0001ರಿಂದ 9999ರವರೆಗಿನ ಒಂದು ಸಂಖ್ಯೆಯೂ ಇರುತ್ತವೆ. ಗ್ರಂಥಾಲಯವೊಂದು ತಾಳೆಗರಿ ಹಸ್ತಪ್ರತಿಗಳ ಚಿತ್ರ ತೆಗೆಸಿದಾಗ 'ಡಿಎಸ್‌ಸಿ_0412' ಎಂಬ ಹೆಸರಿನಲ್ಲಿ ಹಸ್ತಪ್ರತಿಯ ಸಂಖ್ಯೆಯಾಗಲಿ ಗರಿಯ ಸಂಖ್ಯೆಯಾಗಲಿ ಅಡಗಿರುವುದಿಲ್ಲ, ಆದ್ದರಿಂದ ಎಂಥ ಜಾಣ ಮಾದರಿಯೂ ಅವನ್ನು ಹೊರತೆಗೆಯಲಾರದು. ಆ ತಿಳಿವು ಹೊರಗಿನಿಂದ ಬರಬೇಕು. ಹಳೆಯ ಹೆಸರು ಒಂದು ಕಾಲಮ್ಮಿನಲ್ಲಿ, ಹೊಸದು ಪಕ್ಕದ ಕಾಲಮ್ಮಿನಲ್ಲಿ ಇರುವ, ಲುಕಪ್ ಫೈಲ್ ಎಂದು ಕರೆಯಲಾಗುವ ಜೋಡಿಪಟ್ಟಿ ಹೀಗೆ ಅನಿವಾರ್ಯವಾಯಿತು. ಇಂಥ ಪಟ್ಟಿಯನ್ನು ಓದುವ ಸೌಲಭ್ಯ ಪೈಥಾನ್ ಭಾಷೆಗೆ 2003ರಲ್ಲಿ ಸೇರಿತು. 2006ರ ಪವರ್‌ಶೆಲ್‌ನಲ್ಲಿ ಅದು ಮೊದಲಿನಿಂದಲೇ ಇದ್ದು, ಏನನ್ನೂ ಬದಲಿಸದೆ ಏನಾಗಲಿದೆ ಎಂದು ಮಾತ್ರ ತೋರಿಸುವ ಒಣ ಪರೀಕ್ಷೆಗೂ ಅವಕಾಶವಿತ್ತು. ಸ್ಕ್ರಿಪ್ಟ್ ಹತ್ತು ಹನ್ನೆರಡು ಸಾಲುಗಳಿಗೆ ಇಳಿಯಿತು. ಪ್ರೋಗ್ರಾಮಿಂಗ್ ತಿಳಿಯದ, ಆದರೆ ಸಂಗ್ರಹವನ್ನು ಬಲ್ಲ ಗ್ರಂಥಪಾಲಕರೇ ಪಟ್ಟಿ ಸಿದ್ಧಪಡಿಸುವಂತಾಯಿತು, ಕಾಲಮ್ಮುಗಳನ್ನು ಅದಲುಬದಲು ಮಾಡಿದರೆ ಹಳೆಯ ಹೆಸರುಗಳಿಗೆ ಮರಳುವುದೂ ಸಾಧ್ಯವಾಯಿತು.

ಪಟ್ಟಿ ಸರಿಯಾಗಿದ್ದರೂ ಅದನ್ನು ನಡೆಸುವ ಕ್ರಮ ತಪ್ಪಿದರೆ ಅನಾಹುತವಾಗುತ್ತದೆ. ಪುಸ್ತಕವೊಂದರ ಆರಂಭದಲ್ಲಿ ಬಿಟ್ಟುಹೋದ ಪುಟವನ್ನು ಸೇರಿಸಲು 'ಪುಟ-1' ಅನ್ನು 'ಪುಟ-2' ಎಂದೂ, 'ಪುಟ-2' ಅನ್ನು 'ಪುಟ-3' ಎಂದೂ, 'ಪುಟ-3' ಅನ್ನು 'ಪುಟ-4' ಎಂದೂ ಬದಲಿಸಬೇಕೆಂದು ಭಾವಿಸಿದರೆ, ಮೇಲಿನಿಂದ ಕೆಳಗೆ ಸಾಗುವ ಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ ನಿಜವಾದ ಎರಡನೆಯ ಪುಟವನ್ನು ಅಳಿಸುತ್ತದೆ, ಮುಂದಿನ ಸಾಲಿನಲ್ಲಿ ಮೂರನೆಯದನ್ನೂ ಅಳಿಸಿ, ಕೊನೆಗೆ ಮೊದಲನೆಯ ಪುಟವೊಂದನ್ನೇ 'ಪುಟ-4' ಎಂಬ ಹೆಸರಿನಲ್ಲಿ ಉಳಿಸುತ್ತದೆ. ಕೆಳಗಿನಿಂದ ಮೇಲಕ್ಕೆ ನಡೆಸಿದರೆ ಈ ಸರಪಳಿ ಬಿಡಿಸಿಕೊಳ್ಳುತ್ತದೆ. ಆದರೆ ಎರಡು ಕಡತಗಳ ಹೆಸರನ್ನು ಪರಸ್ಪರ ಬದಲಿಸುವಾಗ ಯಾವ ಕ್ರಮವೂ ಸಾಲದು, ಎಲ್ಲಕ್ಕೂ ಮೊದಲು ತಾತ್ಕಾಲಿಕ ಹೆಸರು ಕೊಟ್ಟು ಆಮೇಲೆ ಅಂತಿಮ ಹೆಸರು ಕೊಡಬೇಕಾಗುತ್ತದೆ. 2014ರ ಲಿನಕ್ಸ್ 3.15 ಆವೃತ್ತಿಯಲ್ಲಿ ಸೇರಿದ ಹೊಸ ವ್ಯವಸ್ಥಾಕರೆ, ಇರುವ ಕಡತದ ಮೇಲೆ ಬರೆಯದಂತೆ ತಡೆಯುವ ಮತ್ತು ಎರಡು ಹೆಸರುಗಳನ್ನು ಒಂದೇ ಹೆಜ್ಜೆಯಲ್ಲಿ ಅದಲುಬದಲು ಮಾಡುವ ಆಯ್ಕೆಗಳನ್ನು ಒದಗಿಸಿತು.

ಪಟ್ಟಿಯೊಳಗಿನ ದೋಷಗಳದು ಇನ್ನೊಂದು ಅಧ್ಯಾಯ. ಸ್ಪ್ರೆಡ್‌ಶೀಟ್ ತಂತ್ರಾಂಶಗಳು 0412 ಎಂಬುದನ್ನು ಸಂಖ್ಯೆಯೆಂದು ತಿಳಿದು ಆರಂಭದ ಸೊನ್ನೆಯನ್ನು ತೆಗೆದುಹಾಕುತ್ತವೆ. ಜೀನ್‌ಗಳ ಸಂಕೇತನಾಮಗಳನ್ನು ಅವು ದಿನಾಂಕಗಳಾಗಿ ಮಾರ್ಪಡಿಸುತ್ತಿದ್ದುದು ಎಷ್ಟು ಕಾಡಿತೆಂದರೆ, ಮಾನವ ಜೀನ್‌ಗಳ ನಾಮಕರಣ ಸಮಿತಿ 'ಮಾರ್ಚ್1' ಎಂಬುದನ್ನು 'ಮಾರ್ಚ್‌ಎಫ್1' ಎಂದು ಬದಲಿಸಿದ್ದನ್ನು 2020ರ ತನ್ನ ಮಾರ್ಗಸೂಚಿಯಲ್ಲಿ ಉದಾಹರಿಸಿತು. ಕನ್ನಡದ ಹೆಸರುಗಳಲ್ಲಿ ತೊಡಕು ಇನ್ನೂ ಸೂಕ್ಷ್ಮ. ಯುನಿಕೋಡ್‌ನಲ್ಲಿ 'ಕೋ' ಎಂಬುದನ್ನು 'ಕ'ಕಾರ ಮತ್ತು ಓತ್ವ ಎಂಬ ಎರಡು ಸಂಕೇತಗಳಲ್ಲಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆಗಳನ್ನು ಬಿಡಿಸಿ ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಆಪಲ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಬಿಡಿಸಿದ ರೂಪವನ್ನು ಉಳಿಸುತ್ತಿತ್ತು, ಲಿನಕ್ಸ್ ತನಗೆ ಬಂದ ಬೈಟುಗಳನ್ನು ಹಾಗೆಯೇ ಇಡುತ್ತದೆ. ಆದ್ದರಿಂದ 'ಕೋಲಾರ' ಎಂದು ಪಟ್ಟಿಯಲ್ಲೂ ಫೋಲ್ಡರಿನಲ್ಲೂ ಒಂದೇ ರೀತಿ ಕಂಡರೂ ಸ್ಕ್ರಿಪ್ಟಿಗೆ ಆ ಕಡತ ಸಿಗದೆ ಹೋಗಬಹುದು. ಎರಡೂ ಕಡೆಯ ಹೆಸರುಗಳನ್ನು ಒಂದೇ ರೂಪಕ್ಕೆ ತಂದು ಹೋಲಿಸುವುದೇ ಇದಕ್ಕೆ ಪರಿಹಾರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, ಲಿನಕ್ಸಿನ 255 ಬೈಟ್‌ಗಳ ಮಿತಿಯಲ್ಲಿ 85 ಸಂಕೇತಗಳಷ್ಟೇ ಹಿಡಿಸುತ್ತವೆ ಎಂಬುದನ್ನೂ ಪಟ್ಟಿ ಮಾಡುವವರು ಗಮನಿಸಬೇಕು.

ಇಂದಿಗೂ ಬಗೆಹರಿಯದ ಪ್ರಶ್ನೆಯೊಂದಿದೆ. ಸಾಮಾನ್ಯ ಕಡತವ್ಯವಸ್ಥೆಗಳು ಒಂದು ಹೆಸರಿನ ಬದಲಾವಣೆಯನ್ನು ಅಖಂಡವಾಗಿ ನಡೆಸುವ ಭರವಸೆ ಕೊಡುತ್ತವೆಯೇ ಹೊರತು ಸಾವಿರ ಹೆಸರುಗಳನ್ನು ಒಂದೇ ಗುಂಪಾಗಿ ಬದಲಿಸುವ ಭರವಸೆ ಕೊಡುವುದಿಲ್ಲ, ನಡುವೆ ವಿದ್ಯುತ್ ಹೋದರೆ ಅರ್ಧ ಹಳೆಯ, ಅರ್ಧ ಹೊಸ ಹೆಸರುಗಳ ಫೋಲ್ಡರ್ ಉಳಿಯುತ್ತದೆ. ಆ ಕೊರತೆಯನ್ನು ಸದ್ಯಕ್ಕೆ ತುಂಬುತ್ತಿರುವುದು ಶಿಸ್ತು: ಹಳೆಯ ಹೆಸರುಗಳೆಲ್ಲ ಇವೆಯೇ, ಹೊಸ ಹೆಸರುಗಳಲ್ಲಿ ಪುನರಾವರ್ತನೆ ಇದೆಯೇ ಎಂದು ಮೊದಲೇ ನೋಡುವುದು, ಒಣ ಪರೀಕ್ಷೆ ನಡೆಸುವುದು, ಮುಗಿದ ಪ್ರತಿ ಬದಲಾವಣೆಯನ್ನೂ ದಾಖಲಿಸುತ್ತ ಹೋಗುವುದು. ಕೆಲಸ ಮುಗಿದ ಮೇಲೆ ಸ್ಕ್ರಿಪ್ಟನ್ನು ಎಸೆದರೂ ನಷ್ಟವಿಲ್ಲ, ಅಂಥದನ್ನು ಮತ್ತೆ ಬರೆಯಬಹುದು. ಹಳೆಯ ಹೆಸರಿನಿಂದ ಉಲ್ಲೇಖಿಸಲಾದ ಚಿತ್ರ ಈಗ ಎಲ್ಲಿದೆ ಎಂದು ಮುಂದೆ ಹೇಳಬಲ್ಲುದು ಜೋಡಿಪಟ್ಟಿಯೊಂದೇ ಆದ್ದರಿಂದ, ಅದನ್ನು ಸಂಗ್ರಹದ ದಾಖಲೆಗಳ ಜೊತೆಗೇ ಕಾಪಿಡಬೇಕಾಗುತ್ತದೆ.