ಸಿಂಗಾಪುರದಲ್ಲಿ ‘ಟಾಯ್ಲೆಟ್’ ಅಂದರೆ ಸಾಕು: ಒಂದೇ ಜಾಗಕ್ಕೆ ಹಲವು ಇಂಗ್ಲಿಷ್ ಹೆಸರು

ಸಿಂಗಾಪುರ: ಗಲ್ಫ್‌ನಲ್ಲಿ ‘ಹಮ್ಮಾಮ್’ ಅಂದ್ರೆ ಎಲ್ಲರಿಗೂ ಅರ್ಥವಾಗುತ್ತೆ. ಜೊತೆಗೆ ಕೆಲಸ ಮಾಡುವ ಫಿಲಿಪ್ಪೀನ್ಸ್‌ನವರು ‘ಸಿ.ಆರ್.’ ಅಂತಾರೆ, ಅಂದರೆ ಕಂಫರ್ಟ್ ರೂಮ್. ನಮ್ಮೂರಲ್ಲಿ ‘ಬಾತ್‌ರೂಮ್‌ಗೆ ಹೋಗಿ ಬರ್ತೀನಿ’ ಅಂದರೆ ಮುಗೀತು. ಅಲ್ಲಿಂದ ಸಿಂಗಾಪುರದ ಕೆಲಸಕ್ಕೆ ಹೋದವರಿಗೆ ಮೊದಲ ವಾರ ಈ ಸಣ್ಣ ಮಾತೇ ತೊಡಕು. ಕೇಳೋಕೆ ನಾಚಿಕೆಪಟ್ಟು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಳ್ಳುವವರೂ ಇದ್ದಾರೆ. ಸೆಕೆಯ ಊರಲ್ಲಿ ಇದು ಉರಿಮೂತ್ರ, ಕಿಡ್ನಿ ಕಲ್ಲಿಗೆ ದಾರಿ.

ಯಾವ ಪದ ಎಲ್ಲಿಯದು?

ಸಿಂಗಾಪುರದಲ್ಲಿ ‘ಟಾಯ್ಲೆಟ್’ ಎಂಬುದೇ ರೂಢಿಯ ಮಾತು. ಸರ್ಕಾರಿ ಬೋರ್ಡಿನಲ್ಲೂ ಅದೇ, ಹೋಟೆಲ್ ಊಟದ ಮೇಜಿನಲ್ಲೂ ಅದೇ. ಅದರಲ್ಲಿ ಅಸಭ್ಯವೇನೂ ಇಲ್ಲ. ಅಮೆರಿಕದವರಿಗೆ ಮಾತ್ರ ‘ಟಾಯ್ಲೆಟ್’ ಅಂದರೆ ಹೆಚ್ಚಾಗಿ ಕಮೋಡ್; ಕೋಣೆಗೆ ಅವರು ‘ರೆಸ್ಟ್‌ರೂಮ್’ ಅಥವಾ ‘ಬಾತ್‌ರೂಮ್’ ಅಂತಾರೆ. ಕೆನಡಾದಲ್ಲಿ ‘ವಾಶ್‌ರೂಮ್’. ಬ್ರಿಟನ್ನಿನ ಮನೆಗಳಲ್ಲಿ ‘ಲೂ’. ವಿಮಾನದಲ್ಲಿ ‘ಲ್ಯಾವೆಟರಿ’, ಬಾಗಿಲ ಮೇಲೆ ‘ವೇಕೆಂಟ್’ ಅಂದರೆ ಖಾಲಿ, ‘ಆಕ್ಯುಪೈಡ್’ ಅಂದರೆ ಒಳಗೆ ಜನ ಇದ್ದಾರೆ. ‘ಡಬ್ಲ್ಯು.ಸಿ.’ ಅಂದರೆ ವಾಟರ್ ಕ್ಲಾಸೆಟ್.

ನೋಡಿದರೆ ಇವೆಲ್ಲ ಮುಚ್ಚುಮರೆಯ ಮಾತುಗಳೇ. ‘ಟಾಯ್ಲೆಟ್’ ಮೂಲತಃ ಫ್ರೆಂಚ್‌ನಲ್ಲಿ ಸಣ್ಣ ಬಟ್ಟೆ. ಆಮೇಲೆ ಅದು ಅಲಂಕಾರಕ್ಕೆ ಹೆಸರಾಯಿತು. ಅದಕ್ಕೇ ಅಂಗಡಿಯಲ್ಲಿ ಸೋಪು, ಪೇಸ್ಟಿಗೆ ‘ಟಾಯ್ಲೆಟ್ರೀಸ್’ ಎನ್ನುವುದು. ‘ಲ್ಯಾವೆಟರಿ’ ಅಂದರೆ ತೊಳೆಯುವ ಜಾಗ. ನಮ್ಮಲ್ಲೂ ‘ಹೊರಕಡೆ’, ‘ಒಂದಕ್ಕೆ’, ‘ಎರಡಕ್ಕೆ’ ಅಂತ ಮರೆಮಾಡಿಯೇ ಹೇಳೋದಲ್ವೇ? ನಾವು ಒರಟು ಕನ್ನಡ ಅಂದುಕೊಂಡಿರುವ ‘ಕಕ್ಕಸು’ ಕೂಡ ಡಚ್ಚರಿಂದ ಬಂದ ಪದವೆಂದು ಹೇಳಲಾಗುತ್ತದೆ. ಸಿಂಗಾಪುರದ ನೆರೆಯ ಇಂಡೋನೇಷ್ಯಾದಲ್ಲೂ ಅದೇ ಮೂಲದ ‘ಕಾಕುಸ್’ ಇದೆ.

ಬೋರ್ಡಿನಲ್ಲಿ ನಾಲ್ಕು ಭಾಷೆ

ಸಿಂಗಾಪುರಕ್ಕೆ ಇಂಗ್ಲಿಷ್, ಮಲಯ್, ಮ್ಯಾಂಡರಿನ್, ತಮಿಳು ನಾಲ್ಕೂ ಅಧಿಕೃತ ಭಾಷೆ. ಮಲಯ್‌ನಲ್ಲಿ ಶೌಚಾಲಯ ‘ತಂಡಾಸ್’. ನಮ್ಮ ‘ಸಂಡಾಸು’ ನೆನಪಿದ್ದರೆ ಮರೆಯಲ್ಲ. ‘ಲೆಲಾಕಿ’ ಗಂಡಸರಿಗೆ, ‘ಪೆರೆಂಪುವಾನ್’ ಹೆಂಗಸರಿಗೆ. ತಮಿಳಿನ ‘ಪೆಣ್’ ನಮ್ಮ ಹೆಣ್ಣೇ, ‘ಆಣ್’ ಅಂದರೆ ಗಂಡು.

ಮೋಸ ಹೋಗುವ ಪದಗಳು

• ‘ರೆಸ್ಟ್ ಏರಿಯಾ’ ಅಂದರೆ ಕೆಲಸದ ಜಾಗದಲ್ಲಿ ವಿಶ್ರಾಂತಿಯ ತಾಣ. ‘ರೆಸ್ಟ್‌ರೂಮ್’ ಅಂದರೆ ಶೌಚಾಲಯ. ಎರಡೂ ಬೇರೆ.

• ಸೈಟ್‌ನಲ್ಲಿ ‘ಬಾತ್‌ರೂಮ್’ ಎಲ್ಲಿ ಅಂತ ಕೇಳಿದರೆ ಸ್ನಾನದ ಜಾಗ ತೋರಿಸಿಬಿಟ್ಟಾರು. ‘ಟಾಯ್ಲೆಟ್’ ಎಂದೇ ಕೇಳಿ.

• ಬಾಡಿಗೆ ಜಾಹೀರಾತಿನ ‘ಕಾಮನ್ ರೂಮ್’ ಹಜಾರವಲ್ಲ; ಸ್ವಂತ ಶೌಚಾಲಯವಿಲ್ಲದ ಮಲಗುವ ಕೋಣೆ. ‘ಮಾಸ್ಟರ್ ರೂಮ್’ ಅಂದರೆ ಸಾಮಾನ್ಯವಾಗಿ ಶೌಚಾಲಯ ಸಮೇತ. ಬಾಡಿಗೆಯೂ ಹೆಚ್ಚು. ಮುಂಗಡ ಕೊಡುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು.

• ಕ್ಲಿನಿಕ್‌ನಲ್ಲಿ ಡಾಕ್ಟರು ‘ಪಾಸ್ ಮೋಷನ್’ ಬಗ್ಗೆ ಕೇಳಿದರೆ ಮಲವಿಸರ್ಜನೆ, ‘ಪಾಸ್ ಯೂರಿನ್’ ಅಂದರೆ ಮೂತ್ರ. ‘ಸ್ಟೂಲ್ ಟೆಸ್ಟ್’ ಕುರ್ಚಿಯದ್ದಲ್ಲ, ಮಲದ ಪರೀಕ್ಷೆ. ಇಲ್ಲಿ ತಪ್ಪು ತಿಳಿದು ಸುಮ್ಮನೆ ತಲೆಯಾಡಿಸಿದರೆ ಔಷಧಿಯೇ ತಪ್ಪಬಹುದು. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ.

ಹೆಸರನ್ನೇ ಮುಂದಿಟ್ಟ ಊರು

1998ರಲ್ಲಿ ಸಿಂಗಾಪುರದ ಉದ್ಯಮಿ ಜ್ಯಾಕ್ ಸಿಮ್ ಶೌಚಾಲಯಗಳ ಸುಧಾರಣೆಗೆ ಸಂಘ ಕಟ್ಟಿದಾಗ ಅದಕ್ಕೆ ‘ರೆಸ್ಟ್‌ರೂಮ್ ಅಸೋಸಿಯೇಷನ್’ ಎಂಬ ನಾಜೂಕಿನ ಹೆಸರಿತ್ತು. 2001ರ ನವೆಂಬರ್ 19ರಂದು ಅವರೇ ಆರಂಭಿಸಿದ ಜಾಗತಿಕ ಸಂಸ್ಥೆಗೆ ನೇರವಾಗಿ ‘ವರ್ಲ್ಡ್ ಟಾಯ್ಲೆಟ್ ಆರ್ಗನೈಸೇಷನ್’ ಎಂದಿಟ್ಟರು. ವಿಶ್ವ ವ್ಯಾಪಾರ ಸಂಸ್ಥೆಯಂತೆಯೇ ಇದೂ ‘ಡಬ್ಲ್ಯು.ಟಿ.ಓ.’! ಮಾತಾಡಲು ನಾಚಿದರೆ ಸಮಸ್ಯೆ ಬಗೆಹರಿಯಲ್ಲ ಎಂಬುದು ಅವರ ವಾದ. 2013ರಲ್ಲಿ ವಿಶ್ವಸಂಸ್ಥೆಯು ನವೆಂಬರ್ 19ನ್ನು ವಿಶ್ವ ಶೌಚಾಲಯ ದಿನವೆಂದು ಅಂಗೀಕರಿಸಿತು.

ದಂಡದ ಎಚ್ಚರ

1989ರಿಂದಲೇ ಸಾರ್ವಜನಿಕ ಶೌಚಾಲಯದಲ್ಲಿ ಫ್ಲಶ್ ಮಾಡದಿದ್ದರೆ ಇಲ್ಲಿ ದಂಡ ಉಂಟು. ಬಯಲಲ್ಲಿ, ಲಿಫ್ಟ್‌ನಲ್ಲಿ ಮೂತ್ರ ಮಾಡಿದರೂ ಅಪರಾಧ. ಮೆಟ್ರೋ ಸ್ಟೇಷನ್, ಮಾಲ್, ಹಾಕರ್ ಸೆಂಟರ್‌ಗಳಲ್ಲಿ ಶೌಚಾಲಯ ಸಿಗುತ್ತದೆ. ಕೆಲವು ಹಾಕರ್ ಸೆಂಟರ್‌ಗಳಲ್ಲಿ 10 ಅಥವಾ 20 ಸೆಂಟ್ ಕೊಡಬೇಕಾಗುವುದರಿಂದ ಜೇಬಲ್ಲಿ ಚಿಲ್ಲರೆ ಇರಲಿ. ಬಾಯಿಪಾಠಕ್ಕೆ ಒಂದೇ ವಾಕ್ಯ ಸಾಕು: ‘ಎಕ್ಸ್‌ಕ್ಯೂಸ್ ಮಿ, ವೇರ್ ಈಸ್ ದ ಟಾಯ್ಲೆಟ್?’ ಸೂಪರ್‌ವೈಸರ್ ಹತ್ತಿರ ಕೇಳುವುದಕ್ಕೂ ಸಂಕೋಚ ಬೇಡ.